ಅಂಬಾಸಿಡರ್‌ನ ದಾಯಾದಿ

ಶಿವಮೊಗ್ಗದ ಟ್ಯಾಕ್ಸಿ ಚಾಲಕರೊಬ್ಬರ ಮಗ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಎಂಜಿನಿಯರ್. 2018ರ ಬೇಸಿಗೆಯಲ್ಲಿ ಅವನು 43 ವರ್ಷ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಾಗ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮನೆಯ ಸಾಲ ತೀರಿಲ್ಲ, ಹದಿನೈದರ ಮಗಳಿಗೆ ಮುಂದಿನ ವರ್ಷ ದೊಡ್ಡ ಪರೀಕ್ಷೆ, ಮೇಲಾಗಿ ಊರಿನಿಂದ ಅತ್ತೆ ಮಾವ ಬಂದಿದ್ದಾರೆ. ಇಂಥ ಹೊತ್ತಿನಲ್ಲಿ ಆರು ಸಾವಿರ ಪೌಂಡು ಸುರಿದು ತಂದದ್ದು, ಇಬ್ಬರಷ್ಟೇ ಕೂರಬಹುದಾದ, ತಲೆಯ ಮೇಲೆ ಬರೀ ಬಟ್ಟೆಯ ಹೊದಿಕೆಯಿದ್ದ ಕೆಂಪು ಕಾರು!

ಕಾರಿನ ಹೆಸರು ಎಂಜಿಬಿ. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿಗೆ ಸಮೀಪದ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಮಾದರಿಯ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಕಾರಿನ ಜೊತೆಗೇ ಕಾರ್ಖಾನೆಯೂ ಮುಚ್ಚಿತು. ಆದರೆ ಬಿಡಿಭಾಗಗಳಿಗೆ ಇಂದಿಗೂ ಬರವಿಲ್ಲ. 1988ರಿಂದೀಚೆಗೆ ಹಳೆಯ ಅಚ್ಚುಗಳಲ್ಲೇ ಇಡೀ ಬಾಡಿಯನ್ನು ಹೊಸದಾಗಿ ಮಾಡಿಕೊಡುವವರೂ ಇದ್ದಾರೆ. ಹೀಗಾಗಿ ಹವ್ಯಾಸಿಗಳಿಗೆ ಈ ಕಾರೆಂದರೆ ಪ್ರೀತಿ. ಅದನ್ನು ಇದ್ದ ಹಾಗೆ ಬಿಟ್ಟವರು ಮಾತ್ರ ಕಡಿಮೆ.

ಬಿಡದಿರುವುದಕ್ಕೆ ಕಾರಣವೂ ಇತ್ತು. 1974ರ ಕೊನೆಯಲ್ಲಿ ಅಮೆರಿಕದ ಸುರಕ್ಷತಾ ನಿಯಮಗಳಿಗೆ ಹೊಂದಿಸಲೆಂದು ಹೊಳೆಯುವ ಬಂಪರ್ ತೆಗೆದು ದಪ್ಪ ಕಪ್ಪು ರಬ್ಬರಿನದನ್ನು ಹಾಕಿದರು, ಕಾರನ್ನು ಒಂದೂವರೆ ಅಂಗುಲದಷ್ಟು ಎತ್ತರಿಸಿದರು. ಅದು ಸಾಲದೆಂಬಂತೆ, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಮುಂದಿನ ಆಂಟಿ-ರೋಲ್ ಬಾರನ್ನು ಖರ್ಚು ಉಳಿಸಲು ಕೈಬಿಟ್ಟರು. ಒಳ್ಳೆಯ ಕಾರು ಹುಲ್ಲು ಹೇರಿದ ಗಾಡಿಯಂತೆ ವಾಲತೊಡಗಿತು. 1976ರಲ್ಲಿ ಬಾರು ಮರಳಿ ಬಂತು. ಈ ಕಾರು ನಡುವಿನ 1975ರದು.

ಹಿಂದಿನ ಮಾಲೀಕ ಇದನ್ನು ‘ಸುಧಾರಿಸಿ’ ಮಾರಿದ್ದ. ರಬ್ಬರ್ ಬಂಪರ್ ಹೋಗಿ ಮಿರಿಮಿರಿ ಮಿಂಚುವ ಕ್ರೋಮ್ ಬಂಪರ್ ಬಂದಿತ್ತು. ಅಗಲ ಟೈರು, ರೇಸಿನವರು ಹಾಕುವಂಥ ಪುಟ್ಟ ಸ್ಟಿಯರಿಂಗ್, ಎಲ್ಲಕ್ಕಿಂತ ಮಿಗಿಲಾಗಿ ಇಟಲಿಯ ಹೆಸರಾಂತ ವೆಬರ್ ಕಾರ್ಬ್ಯುರೇಟರ್. ಮಗ ಮರುಳಾದದ್ದು ಈ ವೆಬರಿಗೇ. ಮುಂದೆ ಇನ್ನೂ ಚುರುಕಾದ ಕ್ಯಾಮ್ ಶಾಫ್ಟ್ ಹಾಕಿಸಬೇಕೆಂದು ಬೇರೆ ದುಡ್ಡು ಎತ್ತಿಟ್ಟಿದ್ದ.

ತಂದೆ ಮೊದಲ ವಾರ ಕಾರಿನ ಹತ್ತಿರ ಸುಳಿಯಲಿಲ್ಲ. ದುಡ್ಡು ದಂಡ ಎಂಬ ಅಭಿಪ್ರಾಯವನ್ನು ಹೆಂಡತಿಯ ಕಿವಿಯಲ್ಲಷ್ಟೇ ಹೇಳಿದ್ದರು. ಒಂದು ಶನಿವಾರ ಚಹದ ಲೋಟ ಹಿಡಿದು ಅಂಗಳಕ್ಕೆ ಬಂದವರು ಬಾನೆಟ್ ಒಳಗೆ ಬಗ್ಗಿ ನೋಡಿ, ಲೋಟವನ್ನು ಗೋಡೆಯ ಮೇಲಿಟ್ಟರು.

“ಇದು ನಮ್ಮ ಗಾಡಿ ಇಂಜಿನ್ನಲ್ವೇನೋ!”

ಅವರ ಗಾಡಿಯೆಂದರೆ ಅಂಬಾಸಿಡರ್. ಮೊದಲು ಪೆಟ್ರೋಲಿನದು, ಆಮೇಲೆ ಡೀಸೆಲ್, ಒಟ್ಟು ಮೂವತ್ತೊಂದು ವರ್ಷ. ಮಗ ನಕ್ಕ. ಆದರೆ ಅವರ ಮಾತು ನಿಜ. ಎಂಜಿಬಿಯಲ್ಲಿರುವುದು 1798 ಸಿಸಿ, ಅಂಬಾಸಿಡರ್‌ನಲ್ಲಿದ್ದದ್ದು 1489 ಸಿಸಿ. ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ ಸೀರೀಸ್’ ಎಂಜಿನ್ನುಗಳೇ. ಎಂಜಿಬಿಗಿಂತ ಮೊದಲಿನ ಎಂಜಿಎ 1955ರಲ್ಲಿ ಬಂದಾಗ ಅದರಲ್ಲಿದ್ದದ್ದೂ 1489 ಸಿಸಿಯದೇ. ಅಂಬಾಸಿಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್. ಮಾರಿಸ್ ಕಾರು, ಮಾರಿಸ್ ಗ್ಯಾರೇಜು ಎರಡೂ ವಿಲಿಯಂ ಮಾರಿಸ್ ಎಂಬ ಒಬ್ಬನೇ ಉದ್ಯಮಿ ಕಟ್ಟಿದವು. ಒಂದು ಮನೆಯ ಎರಡು ಕವಲು. ಒಂದು ಆಗುಂಬೆ ಘಾಟಿಯಲ್ಲಿ ಏಳು ಜನರನ್ನು ಹೊತ್ತು ಏದುಸಿರು ಬಿಟ್ಟಿತು, ಇನ್ನೊಂದು ಇಬ್ಬರನ್ನು ಕೂರಿಸಿಕೊಂಡು ಇಂಗ್ಲೆಂಡಿನ ಹಳ್ಳಿ ರಸ್ತೆಗಳಲ್ಲಿ ಮೆರೆಯಿತು.

ಅಂದಿನಿಂದ ಕಾರು ತಂದೆಯ ವಶವಾಯಿತು. ಅವರು ಮೊದಲು ಕೇಳಿದ್ದು ಅಯಸ್ಕಾಂತ. ಫ್ರಿಜ್ಜಿನ ಬಾಗಿಲಿಗೆ ಮೊಮ್ಮಗಳು ಅಂಟಿಸಿದ್ದ ಬೊಂಬೆಯನ್ನೇ ತಂದು ಬಾಗಿಲ ಕೆಳಗಿನ ಸಿಲ್ಲಿನುದ್ದಕ್ಕೂ ಹಿಡಿದರು. ಎರಡು ಕಡೆ ಅದು ಅಂಟದೆ ಬಿತ್ತು. ಬಣ್ಣದ ಅಡಿಯಲ್ಲಿದ್ದದ್ದು ತಗಡಲ್ಲ, ಲಪ್ಪ. ಆಮೇಲೆ ಜ್ಯಾಕ್ ಕೊಟ್ಟು ಕಾರನ್ನು ಎತ್ತಿ ಬಾಗಿಲು ತೆರೆದು ಮುಚ್ಚಿದರು, ಬಾಗಿಲು ಕಚ್ಚಿಕೊಂಡಿತು. ಅಂಬಾಸಿಡರ್‌ಗಾದರೂ ಮೇಲೆ ಚಾವಣಿಯ ಬಲವಿದೆ. ಚಾವಣಿಯಿಲ್ಲದ ಎಂಜಿಬಿಗೆ ಸಿಲ್ಲುಗಳೇ ಬೆನ್ನುಮೂಳೆ. ಅವು ತುಕ್ಕು ಹಿಡಿದಿದ್ದರೆ ಕಾರು ನಡುವಿನಲ್ಲಿ ಬಾಗುತ್ತದೆ, ಬಾಗಿಲಿನ ಸಂದು ಕಿರಿದಾಗುತ್ತದೆ. ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆಯನ್ನು ಹೀಗೆ ಕೊಂಡ ಮೇಲೆ ಮಾಡಿದ್ದಾಯಿತು. ವೆಲ್ಡಿಂಗ್ ಮಾಡುವವನು ಹೇಳಿದ ಅಂದಾಜು ಕಾರಿನ ಬೆಲೆಯ ಅರ್ಧ. ಕ್ಯಾಮ್ ಶಾಫ್ಟಿನ ದುಡ್ಡು ಅಲ್ಲಿಗೆ ಮುಗಿಯಿತು.

ಮಗನಿಗೆ ಆದ ಬೇಸರ ದುಡ್ಡಿನದೊಂದೇ ಅಲ್ಲ. ಅವನು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ರ‍್ಯಾಂಕ್ ಪಡೆದವನು. ಹುಡುಗನಾಗಿದ್ದಾಗ ಅಪ್ಪನ ಗಾಡಿಯ ಕೆಳಗೆ ನುಸುಳಲು ಹೋದಾಗಲೆಲ್ಲ ಬೈಸಿಕೊಂಡಿದ್ದ. “ನಿನ್ನ ಕೈ ಮಸಿಯಾಗಬಾರದು ಅಂತಲೇ ನನ್ನ ಕೈ ಮಸಿ ಮಾಡ್ಕೊಂಡಿರೋದು, ಹೋಗಿ ಓದ್ಕೋ” ಎಂದು ಅಟ್ಟುತ್ತಿದ್ದರು. ಅವನು ಓದಿದ. ಕಾರುಗಳ ಕಂಪನಿಯಲ್ಲೇ ಕೆಲಸ ಸಿಕ್ಕಿತು, ಕೂತದ್ದು ಮಾತ್ರ ಕಂಪ್ಯೂಟರಿನ ಮುಂದೆ. ನಲವತ್ತೆರಡು ದಾಟಿದ ಮೇಲೆ ಅಪ್ಪನ ಪಕ್ಕ ನಿಂತು ಯಾವ ನಟ್ಟಿಗೆ ಯಾವ ಸ್ಪ್ಯಾನರ್ ಎಂದು ಕೇಳುವ ಪಾಳಿ ಅವನದಾಯಿತು.

ಸಿಲ್ಲಿನ ನಂತರ ಬ್ರೇಕು. ನಲವತ್ತು ವರ್ಷ ಮೀರಿದ, ಮೂಲರಚನೆ ತೀರಾ ಬದಲಾಗದ ಕಾರುಗಳಿಗೆ ವರ್ಷಕ್ಕೊಮ್ಮೆಯ ತಪಾಸಣೆ ಬೇಡವೆಂದು ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಲ್ಲಷ್ಟೇ ನಿಯಮ ಬಂದಿತ್ತು. ಮಗ ಅದನ್ನು ಹೇಳಿದಾಗ ತಂದೆ, “ಕಾನೂನು ಬಿಡಬಹುದು, ಇಳಿಜಾರು ಬಿಡಲ್ಲ” ಎಂದರು. ಆಗುಂಬೆ ಇಳಿಯುವಾಗ ಕಾದ ಡ್ರಮ್ಮಿನ ವಾಸನೆ ಕುಡಿದವರ ಮಾತು ಅದು. ಬಿಚ್ಚಿ ನೋಡಿದರೆ ರಬ್ಬರ್ ಹೋಸುಗಳು ಒಳಗೊಳಗೇ ಊದಿ ದಾರಿ ಕಟ್ಟಿದ್ದವು. ಪೆಡಲ್ ಬಿಟ್ಟರೂ ಒಂದು ಚಕ್ರ ಹಿಡಿದುಕೊಂಡೇ ಇರುತ್ತಿತ್ತು. ತೇವ ಹೀರಿದ ಬ್ರೇಕ್ ಎಣ್ಣೆ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಎಲ್ಲ ಹೊಸದಾಯಿತು. ಕಾರು ತಗ್ಗಾಗಿ ಕಾಣಲೆಂದು ಮುಂದಿನ ಸ್ಪ್ರಿಂಗುಗಳ ಒಂದೊಂದು ಸುತ್ತನ್ನು ಯಾರೋ ಕತ್ತರಿಸಿದ್ದರು, ಹಿಂಭಾಗವನ್ನು ಮುಟ್ಟಿರಲೇ ಇಲ್ಲ. ಸರಿಯಾದ ಉದ್ದದ ಸ್ಪ್ರಿಂಗು, ಅದರ ಜೊತೆ ಕಾರ್ಖಾನೆಯವರು ಕೈಬಿಟ್ಟಿದ್ದ ಆ ಆಂಟಿ-ರೋಲ್ ಬಾರು ಬಂದು ಕೂತವು. ನಿಜವಾದ ಸುಧಾರಣೆಯೆಂದರೆ ಇದೊಂದೇ ಎನ್ನಬೇಕು.

ಉಳಿದದ್ದು ವೆಬರ್. ನಿಂತಲ್ಲಿ ಎಂಜಿನ್ ತಡವರಿಸುತ್ತಿತ್ತು, ಸಣ್ಣ ವೇಗದಲ್ಲಿ ಜಗ್ಗುತ್ತಿತ್ತು. ತಂದೆ ಕಿವಿಗೊಟ್ಟು, “ಎರಡೆರಡು ಸಿಲಿಂಡರ್ ಜಗಳ ಆಡ್ತಿವೆ” ಎಂದರು. ಕಾರಣ ಹೇಳುವುದು ಅವರಿಗಾಗಲಿಲ್ಲ, ಮಗನಿಗಾಯಿತು. ಬಿ ಸೀರೀಸ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್ ಇದ್ದರೂ ಪೆಟ್ರೋಲ್-ಗಾಳಿ ಒಳಗೆ ಹೋಗಲು ಎರಡೇ ದ್ವಾರ. ಒಂದೊಂದನ್ನು ಎರಡೆರಡು ಸಿಲಿಂಡರುಗಳು ಹಂಚಿಕೊಳ್ಳುತ್ತವೆ. ಹಂಚಿಕೆ ಸಮವಾಗುವುದು ಕಷ್ಟ. ಇಂಥ ಎಂಜಿನ್ನಿಗೆ ದೊಡ್ಡ ವೆಬರ್ ರಸ್ತೆಯ ಓಡಾಟದಲ್ಲಿ ಕೊಡುವ ಲಾಭಕ್ಕಿಂತ ತಕರಾರೇ ಹೆಚ್ಚು. ಮೊದಲಿದ್ದ ಜೋಡಿ ಎಸ್‌ಯು ಕಾರ್ಬ್ಯುರೇಟರುಗಳೇ ಲೇಸು. ಕಾಗದದ ಮೇಲೆ ಚಿತ್ರ ಬರೆದು ಮಗ ಇದನ್ನು ವಿವರಿಸಿದಾಗ ತಂದೆ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಕೇಳಿದರು. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ವೆಬರ್ ಮಾರಾಟವಾಯಿತು.

ಟ್ಯಾಪೆಟ್ ಹೊಂದಿಸುವ ದಿನ ಮೊಮ್ಮಗಳು ಬಂದು ನಿಂತಳು. “ನಿನಗೆ ಪರೀಕ್ಷೆ ಇಲ್ವಾ, ಒಳಗೆ ಹೋಗಿ ಓದ್ಕೋ” ಎಂದ ಮಗ. ಅಂಗಳದಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ತಾತ ಮಾತ್ರ ಫೀಲರ್ ಗೇಜನ್ನು ಅವಳ ಕೈಗೆ ಕೊಟ್ಟು, “ಒಂಬತ್ತರ ಲೆಕ್ಕ ಗೊತ್ತಾ?” ಎಂದರು. ಎಂಟು ವಾಲ್ವುಗಳಲ್ಲಿ ಪೂರ್ತಿ ತೆರೆದಿರುವುದರ ಸಂಖ್ಯೆಯನ್ನು ಒಂಬತ್ತರಲ್ಲಿ ಕಳೆದರೆ ಈಗ ಹೊಂದಿಸಬೇಕಾದ ವಾಲ್ವ್ ಸಿಗುತ್ತದೆ. ಎಂಟನೆಯದು ತೆರೆದಿದ್ದರೆ ಒಂದನೆಯದು, ಮೂರನೆಯದು ತೆರೆದಿದ್ದರೆ ಆರನೆಯದು. ಪ್ಲಗ್ಗುಗಳನ್ನು ಬಿಚ್ಚಿ, ಟಾಪ್ ಗೇರಿಗೆ ಹಾಕಿ ಕಾರನ್ನು ಅಪ್ಪ ಅಂಗುಲ ಅಂಗುಲವಾಗಿ ತಳ್ಳಿದ, ಮಗಳು ಲೆಕ್ಕ ಹೇಳಿದಳು. ಸಂದು ಅಂಗುಲದ ಸಾವಿರದಲ್ಲಿ ಹದಿನೈದು ಭಾಗ. ಎಂಟನ್ನೂ ಮುಗಿಸಿದಾಗ ಅವಳ ಉಗುರುಗಳೆಲ್ಲ ಕಪ್ಪಾಗಿದ್ದವು, ಅಜ್ಜಿಯಿಂದ ಬೈಗುಳ ತಾತನಿಗೆ ಸಿಕ್ಕಿತು.

ಸೆಪ್ಟೆಂಬರಿನಲ್ಲಿ ಎಡ್ಜ್ ಹಿಲ್ ಕಡೆಗೆ ಹೋಗಿಬಂದರು. ಸ್ಟಿಯರಿಂಗ್ ಹಿಡಿಯಲು ಮಗ ಎಷ್ಟು ಕರೆದರೂ ತಂದೆ ಒಪ್ಪಲಿಲ್ಲ. “ಹೊಟ್ಟೆಪಾಡಿಗೆ ಓಡ್ಸಿದ್ದು ಸಾಕು ಮಾರಾಯ. ಒಂದ್ಸಲ ಪ್ಯಾಸೆಂಜರ್ ಆಗಿ ಕೂತ್ಕೊತೀನಿ.” ಗುಡ್ಡ ಇಳಿಯುವಾಗ ಮಾತ್ರ ಅವರ ಬಲಗಾಲು ತನ್ನಷ್ಟಕ್ಕೆ ತಾನೇ ನೆಲ ಒತ್ತುತ್ತಿತ್ತು.

ಅಕ್ಟೋಬರಿನಲ್ಲಿ ಅವರು ಊರಿಗೆ ಮರಳಿದರು. ಭಾನುವಾರದ ಫೋನಿನಲ್ಲಿ ಆರೋಗ್ಯ, ಮಳೆ, ಅಡಿಕೆ ದರ ಮುಗಿದ ಮೇಲೆ ಕಾರಿನ ಸರದಿ. ಒಮ್ಮೆ ಮೊಮ್ಮಗಳು ಫೋನನ್ನು ಬಾನೆಟ್ಟಿನ ಮೇಲೆ ಹಿಡಿದು, “ತಾತ, ಟಿಕ್ ಟಿಕ್ ಅಂತಿದೆ, ಯಾವ ಟ್ಯಾಪೆಟ್ ಹೇಳಿ ನೋಡೋಣ” ಎಂದಳು.

“ಫೋನಲ್ಲಿ ಯಾರಿಗೆ ಗೊತ್ತಾಗುತ್ತೆ ಪುಟ್ಟಿ? ಇಂಜಿನ್ ತಣ್ಣಗಾಗ್ಲಿ, ಗೇಜ್ ಹಾಕಿ ನೋಡು” ಎಂದರು ಅವರು.