ಪೊಟ್ಟಣದ ತಿನಿಸು, ನಮ್ಮ ಮನೆಯ ಜಾಡಿ

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಲ್ಲಿ ನಮ್ಮ ಬಾಲ್ಯ ಕಳೆಯಿತು. ಮನೆಯಲ್ಲಿ ರಾಗಿಮುದ್ದೆ, ಸೊಪ್ಪಿನ ಬಸ್ಸಾರು, ಮಜ್ಜಿಗೆ. ಮುಂದೆ ಮಠದಲ್ಲಿ ಓದುವಾಗಲೂ ಪಂಕ್ತಿಯಲ್ಲಿ ಅದೇ ಬಗೆಯ ಪ್ರಸಾದ. ಆ ಅಭಿಮಾನದಿಂದಲೇ, ಮೊಮ್ಮಗನ ಕೈಯಲ್ಲಿ ಬಿಸ್ಕತ್ತು, ಚಿಪ್ಸುಗಳ ಪೊಟ್ಟಣ ಕಂಡಾಗಲೆಲ್ಲ ನಾವು ಉಪದೇಶಕ್ಕೆ ತೊಡಗುತ್ತಿದ್ದೆವು.

ಕೆಲಕಾಲದ ಹಿಂದೆ ನಮಗೆ ರಕ್ತದೊತ್ತಡ ಏರಿತು. ವೈದ್ಯರು ಊಟದ ವಿಚಾರ ಕೇಳಿದರು. ಎರಡು ಹೊತ್ತೂ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇರಲೇಬೇಕೆಂದೆವು. ಅವರು ನಕ್ಕು, ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಟೀ ಚಮಚಕ್ಕೂ ಕಡಿಮೆ ಉಪ್ಪು ಸಾಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ತಿಳಿಸಿದರು. ಮನೆಗೆ ಬಂದು ಹೇಳಿದಾಗ ಮೊಮ್ಮಗ, “ಹಾಗಾದರೆ ಅಜ್ಜಾ, ನಿಮ್ಮ ಜಾಡಿಯೂ ನನ್ನ ಪೊಟ್ಟಣದ ಹಾಗೇ ಅಲ್ಲವೇ?” ಎಂದ. ನಮಗೆ ಉತ್ತರ ತೋಚಲಿಲ್ಲ.

ವಿಚಾರಿಸಿ ನೋಡಿದರೆ, ಸಂಸ್ಕರಣೆಯೆಂಬುದು ಕಾರ್ಖಾನೆಯ ಕೆಲಸ ಮಾತ್ರವಲ್ಲ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುವುದೂ ಸಂಸ್ಕರಣೆಯೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಮೊಳಕೆಯೊಡೆದಾಗ ಅದರ ಸತ್ವಗಳು ದೇಹಕ್ಕೆ ಹೆಚ್ಚು ಸುಲಭವಾಗಿ ಒದಗುತ್ತವೆ. ಉಪ್ಪಿಗೆ ಅಯೋಡಿನ್ ಬೆರೆಸುವುದು ಕಾರ್ಖಾನೆಯಲ್ಲಿಯೇ. ಅದು ಗಳಗಂಡವನ್ನು ತಡೆಯುತ್ತದೆ. ಆದರೆ ಗೋಧಿಯ ಹೊಟ್ಟನ್ನೂ ಮೊಳಕೆಯ ಭಾಗವನ್ನೂ ತೆಗೆದು ಮೈದಾ ಮಾಡಿದಾಗ ನಾರು, ಕಬ್ಬಿಣ, ಬಿ ಜೀವಸತ್ವಗಳ ಬಹುಪಾಲು ಹೋಗುತ್ತದೆ. ಅದಕ್ಕೆ ಸಕ್ಕರೆ, ಎಣ್ಣೆ, ಉಪ್ಪು ಸೇರಿಸಿದರೆ ನಾಲಗೆಗೆ ಹಿತ, ಒಡಲಿಗೆ ಹೊರೆ.

ತಾಜಾ ಎಂದಮಾತ್ರಕ್ಕೂ ನೆಮ್ಮದಿ ಬೇಡ. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆದು, ಬೆಂದ ನೀರನ್ನು ಚೆಲ್ಲಿದರೆ ನೀರಿನಲ್ಲಿ ಕರಗುವ ಸತ್ವಗಳೂ ಚೆಲ್ಲಿಹೋಗುತ್ತವೆ. ಬಸಿದ ಕಟ್ಟನ್ನೇ ಸಾರು ಮಾಡಿದ ನಮ್ಮ ತಾಯಂದಿರ ಜಾಣ್ಮೆಯನ್ನು ಇಲ್ಲಿ ನೆನೆಯಬೇಕು.

ಆದ್ದರಿಂದ ಕೇಳಬೇಕಾದವು ಎರಡೇ ಪ್ರಶ್ನೆಗಳು: ಈ ಆಹಾರದಿಂದ ತೆಗೆದದ್ದೇನು? ಸೇರಿಸಿದ್ದೇನು? ಪೊಟ್ಟಣದ ಮೇಲಿನ ಪಟ್ಟಿಯಲ್ಲಿ ಪದಾರ್ಥಗಳು ತೂಕದ ಇಳಿಕೆಯ ಕ್ರಮದಲ್ಲಿರುತ್ತವೆ. ಮೊದಲ ಸಾಲಿನಲ್ಲೇ ಮೈದಾ, ಸಕ್ಕರೆ ಕಂಡರೆ ಎಚ್ಚರ ವಹಿಸಬೇಕು.

ಈಗ ನಮ್ಮ ಜಾಡಿ ಅಟ್ಟ ಸೇರಿದೆ. ಹಬ್ಬಕ್ಕೆ ಮಾತ್ರ ಇಳಿಯುತ್ತದೆ. ಮೊಮ್ಮಗ ಪೊಟ್ಟಣದ ಪಟ್ಟಿಯನ್ನು ಓದಿ ನಮಗೆ ಒಪ್ಪಿಸುತ್ತಾನೆ, ಕೆಲವನ್ನು ತಾನೇ ಅಂಗಡಿಯಲ್ಲಿ ಬಿಟ್ಟು ಬರುತ್ತಾನೆ. ನಮ್ಮ ಉಪದೇಶದಿಂದ ಆಗದ ಕಾರ್ಯ, ನಾವು ಜಾಡಿಯನ್ನು ಬಿಟ್ಟದ್ದರಿಂದ ಆಯಿತು.