ಹಿಂದಿನ ಕಪಾಟು

ನಮ್ಮ ಬಾಪನ ಅಂಗಡಿಯಲ್ಲಿ ಹೆಂಗಸರ ಪ್ಯಾಡ್ ಹಿಂದಿನ ಕಪಾಟಿನಲ್ಲಿತ್ತು, ಪೇಪರಿನಲ್ಲಿ ಸುತ್ತಿ. ಹೆಸರು ಹೇಳಿ ಕೇಳುವ ಧೈರ್ಯ ಇದ್ದವರಿಗೆ ಮಾತ್ರ ಸಿಗುತ್ತಿತ್ತು.

2009ರ ಏಪ್ರಿಲ್‌ನಲ್ಲಿ, ಈಸ್ಟರ್ ಹೊತ್ತಿಗೆ, ಅಮೆರಿಕದ ಅಮೆಜಾನ್‌ನಲ್ಲಿ ಸಲಿಂಗಪ್ರೇಮದ ವಿಷಯವಿದ್ದ ಪುಸ್ತಕಗಳಿಗೆ ಆದದ್ದೂ ಇದೇ. ಪುಸ್ತಕ ತೆಗೆದಿರಲಿಲ್ಲ, ಮಾರಾಟದ ರ‍್ಯಾಂಕ್ ತೆಗೆದಿದ್ದರು. ರ‍್ಯಾಂಕ್ ಇಲ್ಲದ್ದು ಬೆಸ್ಟ್‌ಸೆಲ್ಲರ್ ಪಟ್ಟಿಗೆ ಬರುವುದಿಲ್ಲ, ಕೆಲವು ಹುಡುಕಾಟದಲ್ಲೂ ಕಾಣುವುದಿಲ್ಲ. ಲೇಖಕ ಮಾರ್ಕ್ ಪ್ರಾಬ್‌ಸ್ಟ್ ಕಾರಣ ಕೇಳಿದರೆ, ‘ವಯಸ್ಕರ’ ಸಾಮಗ್ರಿಯನ್ನು ಹೊರಗಿಡುತ್ತೇವೆ ಎಂಬ ಉತ್ತರ ಬಂತು. ಅವರು ಬರೆದದ್ದು ಹದಿಹರೆಯದವರ ಕಾದಂಬರಿ! ಇಬ್ಬರು ಅಮ್ಮಂದಿರಿರುವ ಮಗುವಿನ ಕಥೆಯ ಮಕ್ಕಳ ಪುಸ್ತಕವೂ, ಜೇಮ್ಸ್ ಬಾಲ್ಡ್‌ವಿನ್‌ರ 1956ರ ‘ಜಿಯೊವಾನೀಸ್ ರೂಮ್’ ಕೂಡ ಅದೇ ಮೂಲೆ ಸೇರಿದವು. ಪ್ಲೇಬಾಯ್‌ನ ಬೆತ್ತಲೆ ಚಿತ್ರಗಳ ಸಂಪುಟದ ರ‍್ಯಾಂಕ್ ಮಾತ್ರ ಹಾಗೇ ಇತ್ತು.

ಗಲಾಟೆ ಜೋರಾದ ಮೇಲೆ ಕಂಪನಿ ಒಪ್ಪಿಕೊಂಡಿತು: ಕ್ಯಾಟಲಾಗ್ ಮಾಡುವಾಗಿನ ತಪ್ಪು, ಆರೋಗ್ಯದ ಪುಸ್ತಕಗಳೂ ಸೇರಿ ಒಟ್ಟು 57,310 ಪುಸ್ತಕ. ಬೇಕೆಂದೇ ಮಾಡಿದ್ದಲ್ಲ ಅಂತಲೇ ಇಟ್ಟುಕೊಳ್ಳೋಣ. ಬಾಪ ಕೂಡ ಯಾರ ಮೇಲಿನ ದ್ವೇಷಕ್ಕೂ ಪ್ಯಾಡನ್ನು ಹಿಂದೆ ಇಟ್ಟವರಲ್ಲ.

ಸಲಿಂಗಪ್ರೇಮದ ಬಗ್ಗೆ ದೀನ್ ಏನು ಹೇಳುತ್ತದೆ ಎಂಬುದನ್ನು ಉಸ್ತಾದರು ಹೇಳಲಿ, ನಾನು ಅದಕ್ಕೆ ಕೈ ಹಾಕುವುದಿಲ್ಲ. ನನ್ನದು ಲೇಬಲ್‌ನ ಮಾತು. ತನ್ನ ಒಳಗೆ ಏನಾಗುತ್ತಿದೆ ಎಂದು ತಿಳಿಯದೆ ಒದ್ದಾಡುವ ಹುಡುಗ ನಮ್ಮ ಮನೆಗಳಲ್ಲೂ ಇರಬಹುದು. ಅವನು ಕೌಂಟರಿನಲ್ಲಿ ನಿಂತು ಕೇಳುವವನಲ್ಲ, ಫೋನಿನಲ್ಲಿ ಹುಡುಕುವವನು. ಅಲ್ಲಿ ಅವನಿಗೆ ಬೆತ್ತಲೆ ಚಿತ್ರ ಸಿಗುತ್ತದೆ, ಬಾಲ್ಡ್‌ವಿನ್ ಸಿಗುವುದಿಲ್ಲ ಎಂದರೆ?

ಉಮ್ಮ ಒಂದು ದಿನ ಬಾಪನಿಗೆ ಚೆನ್ನಾಗಿ ಬೈದರು. ಮರುದಿನ ಪ್ಯಾಡ್ ಸೋಪಿನ ಪಕ್ಕಕ್ಕೆ ಬಂತು.