ಪಾಸ್‌ಪೋರ್ಟ್ ಬೇಡದ ಸಿಂಗಾಪುರ

ಈ ಸಿಂಗಾಪುರಕ್ಕೆ ಹೋಗಲು ಪಾಸ್‌ಪೋರ್ಟ್ ಬೇಡ. ಉತ್ತರ ಬೆಂಗಳೂರಿನ ವಿದ್ಯಾರಣ್ಯಪುರದ ಪಕ್ಕದ ಹಳ್ಳಿ. ಈಗ ನಗರದೊಳಗೇ ಸೇರಿಹೋಗಿದೆ. ವಿಮಾನಗಳ ಸದ್ದು ಇಲ್ಲಿಯವರಿಗೆ ಹೊಸದಲ್ಲ. 1996ರಿಂದ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತಿರುವ ಯಲಹಂಕ ವಾಯುನೆಲೆ ಇಲ್ಲಿಂದ ದೂರವಿಲ್ಲ.

ಪ್ರದರ್ಶನದಲ್ಲಿ ಎಲ್ಲರ ಕಣ್ಣೂ ಲಾಗ ಹಾಕುವ ವಿಮಾನಗಳ ಮೇಲೆ. ಇಳಿಯುವಾಗ ಅವುಗಳ ಕಾಲು ನೋಡುವವರು ಕಡಿಮೆ. ಈ ಲ್ಯಾಂಡಿಂಗ್ ಗೇರ್ ಆಕಾಶದಲ್ಲಿ ಬರೀ ಹೊರೆ. ಗಾಳಿಗೆ ಅಡ್ಡಿಯಾಗದಿರಲೆಂದು ಅದನ್ನು ಒಳಗೆ ಮಡಚಿಡುತ್ತಾರೆ. ನೆಲ ಮುಟ್ಟುವ ಗಳಿಗೆಯಲ್ಲಿ ಮಾತ್ರ ಇಡೀ ವಿಮಾನದ ಹೊಡೆತ ಅದರದೇ. ಬರೀ ಸ್ಪ್ರಿಂಗ್ ಇದ್ದರೆ ವಿಮಾನ ಚೆಂಡಿನಂತೆ ಪುಟಿದೀತು. ಅದಕ್ಕೇ ಕಾಲಿನ ಕೊಳವೆಯಲ್ಲಿ ಎಣ್ಣೆ ಮತ್ತು ನೈಟ್ರೋಜನ್ ಅನಿಲ ತುಂಬುತ್ತಾರೆ. ಅನಿಲ ಭಾರ ಹೊರುತ್ತದೆ. ಎಣ್ಣೆ ಸಣ್ಣ ತೂತಿನಲ್ಲಿ ನುಗ್ಗಿ, ಬಿಸಿಯಾಗಿ, ರಭಸವನ್ನು ನುಂಗುತ್ತದೆ.

ಬೆಂಗಳೂರಿನಲ್ಲೇ ರೂಪುಗೊಂಡ ತೇಜಸ್ 2001ರ ಜನವರಿ 4ರಂದು ಮೊದಲು ಹಾರಿತು. ಅದರ ನೌಕಾಪಡೆ ಮಾದರಿಗೆ ಇನ್ನೂ ಗಟ್ಟಿ ಕಾಲು ಬೇಕಾಯಿತು. ಹಡಗಿನ ಕಿರಿದಾದ ಅಂಗಳದಲ್ಲಿ ಮೆಲ್ಲಗೆ ಇಳಿಯಲು ಜಾಗವಿಲ್ಲ, ಬಡಿದಂತೆಯೇ ಇಳಿಯಬೇಕು. 2020ರ ಜನವರಿ 11ರಂದು ಅದು ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆ ಹಾಗೆ ಇಳಿದು ತೋರಿಸಿತು.

ಕಾಲೇ ಕೈಕೊಟ್ಟರೆ? 2023ರ ಜುಲೈ 11ರಂದು ಎಚ್‌ಎಎಲ್ ನಿಲ್ದಾಣದಿಂದ ಹಾರಿದ ಪುಟ್ಟ ವಿಮಾನವೊಂದು ಹಿಂದಿರುಗಿ, ಮೂತಿಯ ಚಕ್ರವಿಲ್ಲದೆಯೇ ಇಳಿಯಿತು. ಒಳಗಿದ್ದ ಇಬ್ಬರು ಪೈಲಟ್‌ಗಳೂ ಪಾರಾದರು. ವಿಮಾನದ ಬಹುಪಾಲು ಭಾರ ಹೊರುವುದು ರೆಕ್ಕೆಯ ಬಳಿಯ ಎರಡು ಕಾಲು. ಅವು ಗಟ್ಟಿಯಾಗಿ ನಿಂತಿದ್ದವು. ಹಾರಿಸುವ ಕೀರ್ತಿ ರೆಕ್ಕೆಯದಿರಬಹುದು, ಮನೆಗೆ ಮುಟ್ಟಿಸುವ ಹೊಣೆ ಕಾಲಿನದು.